ನಾಲ್ಕು ಬೆರಳಿನ ಎತ್ತರ

"ದಿನಾ ಹೇಗೆ ನಿಂತ್ಕೋತೀರೋ ಹಾಗೇ ನಿಂತ್ಕೊಳ್ಳಿ ಮೇಡಂ. ಫೋಟೋಗೆ ನಿಂತ ಹಾಗೆ ಬೇಡ."

ಅವನು ನನಗೆ ಹೇಳಿದ ಮೊದಲ ಮಾತು ಅದು. ನಮ್ಮ ಅಡುಗೆಮನೆಯನ್ನು ಒಡೆದು ಹೊಸದಾಗಿ ಮಾಡಿಕೊಡಲು ಬಂದಿದ್ದ ಡಿಸೈನರ್. ನಾನು ಒಲೆಯ ಮುಂದೆ ಹೋಗಿ ನಿಂತೆ.

"ಮೊಣಕೈ ಮಡಚಿ. ಈರುಳ್ಳಿ ಹೆಚ್ಚೋ ಥರ."

ಮಡಚಿದೆ.

"ಈರುಳ್ಳಿ ಹೆಚ್ಚೋರು ಇಷ್ಟು ಬಿಗಿಯಾಗಿ ನಿಲ್ತಾರಾ? ಅದೇನೂ ಕಚ್ಚಲ್ಲ ಬಿಡಿ."

ನಗು ಬರಬೇಕಿತ್ತು. ನಗುವುದು ಹೇಗೆಂದು ನೆನಪಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಅವನು ಟೇಪಿನ ತುದಿಯನ್ನು ನೆಲಕ್ಕೆ ಇಳಿಬಿಟ್ಟು ನನ್ನ ಮೊಣಕೈವರೆಗೆ ಎಳೆದ. ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಇನ್ನೊಂದು ಕ್ಷಣ ನೋಡಿದ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಅಂಗೈ ಮೇಲೆಯೇ ಅಳತೆ ಬರೆದುಕೊಂಡ.

"ಹಳೇ ಕಟ್ಟೆ ನಿಮಗೆ ಅಂತಲೇ ಕಟ್ಟಿಸಿದ ಹಾಗಿದೆಯಲ್ಲ! ಹೊಸದಕ್ಕೂ ಅದೇ ಎತ್ತರ ಇಡ್ತೀನಿ."

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಸಮಾಧಾನವಿರಲಿಲ್ಲ. "ಅಂಗೈ ಮೇಲೆ ಬರ್ಕೋತೀಯಲ್ಲಪ್ಪ, ಊಟಕ್ಕೆ ಮುಂಚೆ ಕೈ ತೊಳ್ಕೊಂಡ್ರೆ ನಮ್ಮ ಅಡುಗೆಮನೆ ಗತಿ ಏನು?"

"ತೊಳ್ಕೊಳ್ಳೋ ಮುಂಚೆ ಫೋನ್‌ಗೆ ಹಾಕ್ಕೋತೀನಿ ಅಮ್ಮ."

"ಹಾಗಾದ್ರೆ ಸರಿ, ಟೇಪಪ್ಪ."

ಸೊಂಟದಲ್ಲಿ ಸದಾ ತೂಗುವ ಟೇಪಿನಿಂದಾಗಿ ಆ ಗಳಿಗೆಯಲ್ಲೇ ಅವನಿಗೆ ಹೆಸರಿಟ್ಟಾಯಿತು.

ಅವನ ಶೂ ಸದ್ದು ಮೆಟ್ಟಿಲಿಳಿಯುತ್ತಿತ್ತು. ನಾನು ಒಲೆಯಿಂದ ಹಿಂದೆ ಸರಿದೆ. ಕಾಲು ಕೆಳಗಿಳಿಯಿತು. ನಾಲ್ಕು ಬೆರಳಿನಷ್ಟು ಕೆಳಗೆ.

ನಾನು ಹಲಗೆಯ ಮೇಲೆ ನಿಂತಿದ್ದೆ.

ಆ ಕಟ್ಟೆ ನನ್ನ ಗಂಡ ತಮ್ಮ ಎತ್ತರಕ್ಕೆ ಕಟ್ಟಿಸಿಕೊಂಡದ್ದು. ಮನೆಯಲ್ಲಿ ಅಡುಗೆ ಮಾಡುತ್ತಿದ್ದವರು ಅವರೇ. ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಉದ್ದ. ಕಟ್ಟೆ ನನ್ನ ಎದೆಗೆ ಬರುತ್ತದೆಂದು ನಕ್ಕು, ಉಳಿದ ಮರದಲ್ಲಿ ನನಗೊಂದು ಹಲಗೆ ಮಾಡಿಕೊಟ್ಟಿದ್ದರು. "ಇಲ್ಲಿ ನೀನು ಗೆಸ್ಟು. ಇದು ಗೆಸ್ಟ್ ಸೀಟು" ಎಂದಿದ್ದರು. ಅವರು ತೀರಿಹೋದ ಮೇಲೆ ಗೆಸ್ಟೇ ದಿನಾ ಅಡುಗೆ ಮಾಡಬೇಕಾಯಿತು. ಎರಡು ವರ್ಷದಲ್ಲಿ ಹಲಗೆ ನನ್ನ ಕಾಲಿನದೇ ಭಾಗವಾಗಿಹೋಗಿತ್ತು. ನೆಲ ಮುಟ್ಟುವ ಸ್ಕರ್ಟಿನ ಕೆಳಗೆ ಅದು ಅವನಿಗೆ ಕಾಣಲಿಲ್ಲ. ನನಗೆ ನೆನಪಾಗಲಿಲ್ಲ.

ಕಿಟಕಿಯವರೆಗೆ ಓಡಿದೆ. ಅವನಿನ್ನೂ ಗೇಟು ದಾಟಿರಲಿಲ್ಲ. ಬೈಕಿನ ಮೇಲೆ ಕೂತು ಅಂಗೈ ನೋಡಿಕೊಳ್ಳುತ್ತಿದ್ದ. ಕೂಗಿದ್ದರೆ ಕೇಳಿಸುತ್ತಿತ್ತು.

ಕೂಗಲಿಲ್ಲ.

ಅಡುಗೆಮನೆ ಒಡೆಯುವುದು ನನ್ನ ಆಸೆಯೇನಲ್ಲ. ಗೋಡೆಯೊಳಗೆ ಪೈಪು ಒಡೆದು ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗಿತ್ತು. ಕಟ್ಟೆ ಕೀಳದೆ ಪೈಪು ಸಿಗುವುದಿಲ್ಲ ಎಂದರು. ಕೀಳಲಿ. ಆದರೆ ಅದೇ ಎತ್ತರದಲ್ಲಿ ಮತ್ತೆ ಏಳುತ್ತದಲ್ಲ, ನಾನು ಯಾರನ್ನೂ ಬೇಡಿಕೊಳ್ಳದೆ, ಯಾರಿಗೂ ವಿವರಿಸದೆ! ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ.

*

ಒಡೆಯುವ ಸದ್ದಿಗೆ ನಾನು ಮನೆಯಲ್ಲಿರಲಿಲ್ಲ. ಸುಮ್ಮನೆ ರಸ್ತೆಯಲ್ಲಿ ನಡೆದಾಡಿ ಬಂದೆ. ಬಂದಾಗ ಕಟ್ಟೆಯಿದ್ದ ಗೋಡೆಯ ಮೇಲೆ ಒಂದು ಗೆರೆ ಮಾತ್ರ ಉಳಿದಿತ್ತು. ಗೆರೆಯ ಮೇಲೆ ಎಣ್ಣೆಯ ಬಣ್ಣ, ಕೆಳಗೆ ಸಿಮೆಂಟಿನ ಬಣ್ಣ. ಪಕ್ಕದಲ್ಲಿ ಅವನು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದ.

"ಗೋಡೆ ಏನಂತೆ?" ಅತ್ತೆ ಕೇಳಿದರು.

"ಒಳಗೆ ಟೊಳ್ಳಾಗಿದೆ ಅಂತಿದೆ ಅಮ್ಮ. ಹೊರಗೆ ಗಟ್ಟಿಯಾಗೇ ಕಾಣುತ್ತೆ."

ನನ್ನ ಕಡೆ ನೋಡಿ ಹೇಳಿದನೇನೋ ಅನ್ನಿಸಿತು. ಇಲ್ಲ, ಗೋಡೆಯನ್ನೇ ನೋಡುತ್ತಿದ್ದ.

ಹಾಲ್‌ನಲ್ಲಿ ಡೈನಿಂಗ್ ಟೇಬಲ್ ಮೇಲೆ ಒಲೆ ಬಂತು. ಫ್ರಿಜ್ಜು ಸೋಫಾದ ಪಕ್ಕ ನೆಂಟರ ಹಾಗೆ ನಿಂತಿತು. ಉಪ್ಪು ಪುಸ್ತಕದ ಕಪಾಟಿಗೆ ಹೋಯಿತು. ಎಲ್ಲದರ ಮೇಲೂ ಧೂಳು. ದಿನವೂ ಅವನು ಬರುತ್ತಿದ್ದ. ಹುಬ್ಬಿಗೆ ಸದಾ ಮರದ ಪುಡಿ. ಬಂದವನು ಏನಾದರೊಂದು ಪ್ರಶ್ನೆ ಕೇಳುತ್ತಿದ್ದ.

"ಬೆಳಿಗ್ಗೆ ಅಡುಗೆಮನೆಗೆ ಹೋದ ತಕ್ಷಣ ನಿಮ್ಮ ಕೈ ಮೊದಲು ಏನನ್ನ ಹುಡುಕುತ್ತೆ?"

"ಏನೂ ಇಲ್ಲ."

"ಏನಾದ್ರೂ ಇದ್ದೇ ಇರುತ್ತೆ. ಯೋಚ್ನೆ ಮಾಡಿ."

"ಲೈಟ್ ಸ್ವಿಚ್ಚು."

"ನೋಡಿ, ಇತ್ತಲ್ಲ. ಅದು ಬಾಗಿಲ ಹಿಂದಿದೆ. ಕತ್ತಲಲ್ಲಿ ದಿನಾ ಬಾಗಿಲು ಸುತ್ತಿ ಹೋಗ್ತೀರಿ. ಈ ಕಡೆ ತಂದುಬಿಡ್ತೀನಿ."

ಎರಡು ವರ್ಷದಿಂದ ಎಲ್ಲರೂ ನಾನು ಹೇಗಿದ್ದೇನೆ ಎಂದು ಕೇಳಿದ್ದರು. ನನ್ನ ಕೈ ಕತ್ತಲಲ್ಲಿ ಏನು ಹುಡುಕುತ್ತದೆಂದು ಯಾರೂ ಕೇಳಿರಲಿಲ್ಲ.

ಒಂದು ದಿನ ಟೇಬಲ್ ಮುಂದೆ ನಿಂತು ಟೀ ಮಾಡಿ ಅವನಿಗೊಂದು ಲೋಟ ಕೊಟ್ಟೆ. ಚಮಚಗಳು ಯಾವ ಡಬ್ಬದಲ್ಲಿ ಸೇರಿಕೊಂಡಿದ್ದವೋ. ಅವನು ಕಿವಿಯ ಪೆನ್ಸಿಲ್ ತೆಗೆದು ಸಕ್ಕರೆ ಕಲಕಿದ.

"ಛೀ!" ಎಂದೆ.

"ಯಾಕೆ? ಒಳ್ಳೇ ಮರ."

ನಗು ಬಂತು. ಈ ಸಲ ಹೊತ್ತಿಗೆ ಸರಿಯಾಗಿ. ಬಂದದ್ದು ತಿಳಿದು ಹೆದರಿಬಿಟ್ಟೆ. ಅತ್ತೆ ಎಲ್ಲಿದ್ದಾರೆಂದು ತಿರುಗಿ ನೋಡಿದೆ. ಅವನೂ ನಗುತ್ತಿದ್ದ. ನಗುನಗುತ್ತಲೇ ಕಣ್ಣು ನನ್ನ ಕಾಲ ಕಡೆ ಹೋಯಿತು. ಸುಮ್ಮನಾದ. ಸ್ಕರ್ಟಿಗೆ ಟೀ ಚೆಲ್ಲಿದೆಯೇನೋ ಎಂದು ನೋಡಿಕೊಂಡೆ. ಚೆಲ್ಲಿರಲಿಲ್ಲ.

ಲೋಟ ಕೆಳಗಿಟ್ಟು ಹೇಳಿದ: "ನಾಳೆ ಕ್ಯಾಬಿನೆಟ್ ಕಟಿಂಗ್‌ಗೆ ಕೊಡ್ತೀನಿ. ಏನಾದ್ರೂ ಬದಲಾಯಿಸೋದಿದ್ರೆ ಇವತ್ತೇ ಹೇಳಿ."

"ಏನಿಲ್ಲ."

"ಎತ್ತರ?"

"ಸರಿಯಾಗಿದೆ."

"ಖಂಡಿತಾ?"

"ಅಳತೆ ತಗೊಂಡೋರು ನೀವು."

"ಅದೂ ನಿಜ." ಅವನು ಪೆನ್ಸಿಲನ್ನು ಅಂಗಿಗೆ ಒರೆಸಿಕೊಂಡ. "ವರ್ಕ್‌ಶಾಪ್ ನಮ್ಮ ಭಾವಂದು. ಅಳತೆ ತಪ್ಪಿದ್ರೆ ಮರದ ಬದಲು ನನ್ನನ್ನೇ ಮೆಷಿನ್‌ಗೆ ಹಾಕ್ತಾರೆ."

ಅತ್ತೆ ಜೋರಾಗಿ ನಕ್ಕರು.

ಅವನು ಹೋದ ಮೇಲೆ ಫೋನ್ ತೆಗೆದು "ಹಲಗೆ ಮೇಲೆ ನಿಂತಿದ್ದೆ" ಎಂದು ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಮತ್ತೆ ಅಳಿಸಿದೆ.

ಹೇಳದಿದ್ದರೆ ತಪ್ಪು ಅವನ ತಲೆಗೆ ಬರುತ್ತದೆ. ಹೇಳಿದರೆ ಅವನು ಮತ್ತೆ ಅಳತೆಗೆ ಬರುತ್ತಾನೆ, ನಾನು ಮತ್ತೆ ಮೊಣಕೈ ಮಡಚಿ ನಿಲ್ಲಬೇಕು. ಆ ಗಳಿಗೆಗೆ ಹೆದರುತ್ತಿದ್ದೇನೋ, ಕಾಯುತ್ತಿದ್ದೇನೋ. ಹೇಳಿದರೆ ಕಟ್ಟೆ ಇಳಿಯುತ್ತದೆ. ಇಳಿದರೆ ನನ್ನ ಗಂಡ ಬಂದರೆ ನಿಂತುಕೊಳ್ಳಲು ಜಾಗವಿರುವುದಿಲ್ಲ. ಬರುವುದಿಲ್ಲ ಎಂದು ಗೊತ್ತು. ಗೊತ್ತಿರುವುದು ಬೇರೆ, ಮನಸ್ಸು ಒಪ್ಪುವುದು ಬೇರೆ.

ಅತ್ತೆಗೂ ಹೇಳುವಂತಿರಲಿಲ್ಲ. ಅದು ಅವರ ಮಗ ಆಸೆಪಟ್ಟು ಕಟ್ಟಿಸಿದ್ದು. ಅದನ್ನು ಸೊಸೆ ತನ್ನ ಅನುಕೂಲಕ್ಕೆ ಇಳಿಸಿಕೊಂಡಳು ಎಂದಾಗಬಾರದು.

ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಬಂದೆ, ತಪ್ಪು ಮಾಡಿದ್ದು ಫೋನೇ ಏನೋ ಎಂಬಂತೆ.

*

ಕ್ಯಾಬಿನೆಟ್‌ಗಳು ಬಂದು ಗೋಡೆಗೆ ಒರಗಿ ನಿಂತ ದಿನ ಅವನು ಬಡಗಿಗಳನ್ನು ಬೇಗ ಕಳಿಸಿಬಿಟ್ಟ. ಕಲ್ಲು ಬರುವ ಜಾಗದಲ್ಲಿ ಸದ್ಯಕ್ಕೆ ಪ್ಲೈವುಡ್ ಹಾಸಿತ್ತು.

"ಮಧ್ಯಾಹ್ನ ಕಲ್ಲಿನವರು ಬರ್ತಾರೆ. ಅವರು ಅಳತೆ ತಗೊಂಡು ಹೋದ ಮೇಲೆ ಏನೂ ಬದಲಾಯಿಸೋಕಾಗಲ್ಲ. ಒಂದ್ಸಲ ನಿಂತು ನೋಡಿ."

ನಿಂತೆ. ಬರಿಗಾಲಿಗೆ ಹೊಸ ಟೈಲು ತಣ್ಣಗಿತ್ತು. ಕಾಲು ತಾನಾಗಿಯೇ ಮುಂದೆ ಹೋಗಿ ಹಲಗೆಯನ್ನು ತಡಕಾಡಿತು. ಅದು ಹಾಲ್‌ನಲ್ಲಿತ್ತು. ಕೈಯೆತ್ತಿ ಕಟ್ಟೆಯ ಮೇಲಿಟ್ಟೆ, ಅಂಗಡಿಯ ಕೌಂಟರ್ ಮುಂದೆ ನಿಂತ ಮಗುವಿನಂತೆ.

ಅವನು ಟೇಪನ್ನು ಸ್ವಲ್ಪ ಎಳೆಯುತ್ತಿದ್ದ, ಬಿಡುತ್ತಿದ್ದ. ಎಳೆಯುತ್ತಿದ್ದ, ಬಿಡುತ್ತಿದ್ದ.

"ಹೇಗಿದೆ?"

"ಚೆನ್ನಾಗಿದೆ."

"ಎಲ್ಲಿ, ನಾನೂ ನೋಡ್ತೀನಿ" ಎಂದು ಅತ್ತೆ ನುಗ್ಗಿ ಬಂದರು. ಕೈಯೆತ್ತಿ ಇಟ್ಟರು. "ಅಯ್ಯೋ ಟೇಪಪ್ಪಾ, ಏನಯ್ಯಾ ಇದು? ಇವಳ ಅಳತೆ ತಗೊಂಡೂ ಮತ್ತೆ ಅಷ್ಟೇ ಎತ್ತರನಾ? ಅಡುಗೆ ಕಟ್ಟೆನೋ ಕಾಂಪೌಂಡ್ ಗೋಡೆನೋ?"

ಅವನು ಟೇಪನ್ನು ಸೊಂಟಕ್ಕೆ ಸಿಕ್ಕಿಸಿದ. "ನನ್ನ ತಪ್ಪು ಅಮ್ಮ. ಅಳತೆ ತಗೊಳ್ಳೋವಾಗ ಗಮನ ಬೇರೆ ಕಡೆ ಇತ್ತು. ಭಾವಂಗೆ ನಾನೇ ಹೇಳ್ತೀನಿ."

ಎಷ್ಟು ಸಲೀಸಾಗಿ ಹೇಳಿದ. ನನ್ನ ಕಡೆ ನೋಡಲೂ ಇಲ್ಲ.

"ಅವರ ತಪ್ಪಲ್ಲ ಅತ್ತೆ." ನನ್ನ ದನಿ ನನಗೇ ದೂರದಿಂದ ಕೇಳಿಸಿತು. "ನಾನು ಹಲಗೆ ಮೇಲೆ ನಿಂತಿದ್ದೆ. ಅವರು ಗೇಟು ದಾಟೋ ಮುಂಚೆನೇ ನನಗೆ ಗೊತ್ತಾಯ್ತು. ಬೇಕಂತಲೇ ಹೇಳಲಿಲ್ಲ."

"ಯಾಕೇ?"

"ಅದು ನಿಮ್ಮ ಮಗನ ಎತ್ತರ."

ಅತ್ತೆ ಪ್ಲೈವುಡ್ಡಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಅಳುತ್ತಾರೆ ಎಂದುಕೊಂಡೆ. ಅವರು ಅತ್ತರೆ ಏನು ಮಾಡಬೇಕೆಂದು ನನಗೆ ಇಂದಿಗೂ ತಿಳಿಯದು.

"ಅವನು ಆ ಕಟ್ಟೆ ಕಟ್ಟಿಸಿದಾಗಿಂದ, ಹಾಲು ಕಾಯಿಸೋಕೂ ಕೈ ಎತ್ತಿ ಎತ್ತಿ ನನ್ನ ಬಲಭುಜ ಹಿಡ್ಕೊಂಡಿದೆ" ಎಂದರು. "ಮಗ ಆಸೆಪಟ್ಟಿದ್ದಾನೆ ಅಂತ ಆಗ ಬಾಯಿ ಮುಚ್ಕೊಂಡಿದ್ದೆ. ನೀನು ನೊಂದ್ಕೋತೀಯ ಅಂತ ಆಮೇಲೂ ಮುಚ್ಕೊಂಡಿದ್ದೆ. ನೀನು ನೋಡಿದ್ರೆ ನನಗೋಸ್ಕರ ಮುಚ್ಕೊಂಡಿದ್ದೀಯ! ನಾನು ಕೈ ಮೇಲೆತ್ಕೊಂಡು, ನೀನು ಹಲಗೆ ಹತ್ಕೊಂಡು ಅನ್ನ ಬೇಯಿಸಿದ್ದೇ ಬೇಯಿಸಿದ್ದು." ಮೂಗು ಒರೆಸಿಕೊಂಡರು. "ಮಗನ್ನ ನೆನೆಸ್ಕೊಳ್ಳೋಕೆ ನನಗೆ ಭುಜನೋವೇ ಬೇಕೇನೇ?"

ಬಾಗಿಲವರೆಗೆ ಹೋದವರು ನಿಂತರು. "ನಾನು ಟೀವಿ ಹಾಕ್ಕೋತೀನಿ. ಸೌಂಡ್ ಜಾಸ್ತಿನೇ ಇಡ್ತೀನಿ. ಅದೇನು ಮಾತಾಡ್ಬೇಕೋ ಮಾತಾಡ್ಕೊಳ್ಳಿ."

ಹಾಲ್‌ನಲ್ಲಿ ಯಾರೋ ಜೋರಾಗಿ ವಾರ್ತೆ ಓದತೊಡಗಿದರು.

"ಇದನ್ನೆಲ್ಲ ಮತ್ತೆ ಕತ್ತರಿಸ್ಬೇಕಾ?" ಎಂದೆ.

ಅವನು ನೆಲದ ಮೇಲೆ ಕೂತ. "ಇಲ್ಲಿ ಬಗ್ಗಿ ನೋಡಿ."

ಕ್ಯಾಬಿನೆಟ್‌ಗಳ ಕೆಳಗೆ ಕಪ್ಪು ಬಣ್ಣದ ಗುಂಡನೆ ಕಾಲುಗಳು. ಅವನು ಒಂದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ತೋರಿಸಿದ.

"ತಿರುಗಿಸಿದ್ರೆ ಇಳಿಯುತ್ತೆ. ಎಲ್ಲ ಕಡೆ ಚಿಕ್ಕ ಕಾಲು ಹಾಕ್ತೀವಿ. ಇಲ್ಲಿಗೆ ಅಂತ ಉದ್ದದ್ದು ತರಿಸ್ದೆ. ಕಾಲಿನ ಮೇಲೆ ಕೂರೋ ಪೆಟ್ಟಿಗೆ ನಾಲ್ಕು ಬೆರಳು ಗಿಡ್ಡ ಮಾಡಿಸ್ದೆ. ಬೇಕಂದ್ರೆ ಅಷ್ಟೂ ಇಳಿಸಬಹುದು."

"ನಿಮಗೆ ಗೊತ್ತಿತ್ತು."

"ಡೈನಿಂಗ್ ಟೇಬಲ್ ಮುಂದೆ ಹಲಗೆ ಹಾಕ್ಕೊಂಡು, ಸೊಂಟ ಬಗ್ಗಿಸಿ ಟೀ ಮಾಡ್ತಿದ್ರಿ. ಟೇಬಲ್‌ಗೆ ಯಾರಾದ್ರೂ ಹಲಗೆ ಹಾಕ್ಕೋತಾರಾ?"

"ಹೇಳಬಹುದಿತ್ತಲ್ಲ."

"ಹಾಲ್‌ನಲ್ಲಿ ಅವರ ಫೋಟೋ ಇದೆ. ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿದ್ದಾರೆ. ಎತ್ತರ ಯಾರದು ಅಂತ ಗೊತ್ತಾಯ್ತು." ಅವನು ಕಾಲನ್ನು ಮತ್ತೆ ಮೊದಲಿನಂತೆ ತಿರುಗಿಸಿಟ್ಟ. "ಅದನ್ನ ನಾನಾಗಿ ಹೇಗೆ ಇಳಿಸ್ಲಿ? ನೀವು ಹೇಳಿದ್ರೆ ಇಳಿಸೋದು, ಇಲ್ಲಾಂದ್ರೆ ಹಾಗೇ ಬಿಡೋದು ಅಂತಿದ್ದೆ. ಮೊದಲ ದಿನದ್ದು ಮಾತ್ರ ನಿಜವಾಗ್ಲೂ ನನ್ನ ತಪ್ಪೇ. ಅಳತೆ ತಗೊಳ್ಳೋ ಮುಂಚೆ ಕಾಲು ನೋಡ್ಬೇಕು, ನೆಲದ ಮೇಲಿದೆಯಾ ಅಂತ. ಯಾವತ್ತೂ ಮರೆತಿರಲಿಲ್ಲ."

"ಅವತ್ತು ಯಾಕೆ ಮರೆತ್ರಿ?"

"ಮುಖ ನೋಡ್ತಿದ್ದೆ."

ವಾರ್ತೆಯವರು ಹವಾಮಾನ ಹೇಳುತ್ತಿದ್ದರು. ನಾನು ನೆಲದ ಮೇಲೆ ಕೂತೆ.

"ಇಳಿಸಿ" ಎಂದೆ.

ಆ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಕ್ಯಾಬಿನೆಟ್ಟನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಕಾಲು ತಿರುಗಿಸಬೇಕು. ಬಡಗಿಗಳನ್ನು ಯಾಕೆ ಬೇಗ ಕಳಿಸಿದ್ದನೆಂದು ಆಗ ಹೊಳೆಯಿತು: ಆ ಇನ್ನೊಬ್ಬರು ನಾನೇ ಆಗಲೆಂದು. ಅವನು ಎತ್ತಿ ಹಿಡಿದ. ನಾನು ತಿರುಗಿಸಿದೆ. ನಡುವೆ ನಿಲ್ಲಿಸಿದರೆ ಅವನೂ ಏನೂ ಕೇಳದೆ ಹಾಗೇ ಹಿಡಿದುಕೊಂಡಿರುತ್ತಿದ್ದ, ತೋಳಿನ ನರ ಉಬ್ಬಿದ್ದರೂ.

"ಭಾರ ಆಗ್ತಿದೆಯಾ?"

"ಇಲ್ಲ. ನಿಧಾನಕ್ಕೆ ಮಾಡಿ."

ಒಲೆಯ ಕಡೆಯದು ಇಳಿಯಿತು. ಪಕ್ಕದ್ದು ಇಳಿಯಿತು. ಉಳಿದದ್ದು ಸಿಂಕ್ ಬರುವ ಕೊನೆಯ ಕ್ಯಾಬಿನೆಟ್. ಅವನು ಎತ್ತಲು ಹೋದ.

"ಬೇಡ. ಇದು ಹೀಗೇ ಇರಲಿ."

ಅವನು ಯೋಚಿಸಿದ. "ಇರಬಹುದು. ಕಲ್ಲು ಎರಡು ತುಂಡು ಮಾಡಿಸ್ಬೇಕಾಗುತ್ತೆ. ಸಿಂಕ್ ಸ್ವಲ್ಪ ಎತ್ತರಕ್ಕಿದ್ರೆ ಸೊಂಟಕ್ಕೂ ಒಳ್ಳೇದು. ಆದ್ರೆ ಇದು ನಿಮಗೆ ತೀರಾ ಎತ್ತರ."

"ನನಗಲ್ಲ."

"ಅಮ್ಮಂಗೂ ಆಗಲ್ಲ. ಮತ್ತೆ ಪಾತ್ರೆ ತೊಳೆಯೋರು ಯಾರು?"

ಅವನನ್ನು ನೋಡಿದೆ. ಹುಬ್ಬಿನ ಮೇಲಿನ ಮರದ ಪುಡಿ ನೋಡಿದೆ, ಕಿವಿಯ ಪೆನ್ಸಿಲ್ ನೋಡಿದೆ. ಆ ಕಿವಿ ಮೆಲ್ಲಗೆ ಕೆಂಪಾಗುವುದನ್ನು ನೋಡಿದೆ. ಈಗ ಎದ್ದು ಹೋಗಿಬಿಟ್ಟರೆ ಎಂದು ಭಯವಾಯಿತು.

ಅವನು ಎದ್ದ. ಹೋಗಲಿಲ್ಲ. ಕೊನೆಯ ಕ್ಯಾಬಿನೆಟ್ಟಿನ ಮುಂದೆ ನಿಂತು ಮೊಣಕೈ ಮಡಚಿದ.

"ನನಗೂ ಇದು ಎತ್ತರವೇ" ಎಂದ. ದನಿಯಲ್ಲಿ ತಮಾಷೆ ಇರಲಿಲ್ಲ. "ನಾನು ಅವರಷ್ಟು ಇಲ್ಲ."

"ಗೊತ್ತು."

ನಾನು ಹಾಲ್‌ಗೆ ಹೋದೆ. ಅತ್ತೆ ಸೋಫಾದಲ್ಲಿ ಕೂತು ಹಲಗೆಯ ಮೇಲೆ ಕಾಲಿಟ್ಟುಕೊಂಡಿದ್ದರು. ಟೀವಿಯಿಂದ ಕಣ್ಣು ತೆಗೆಯದೆ, ಏನೂ ಕೇಳದೆ, ಎರಡೂ ಕಾಲನ್ನು ಮೇಲೆತ್ತಿದರು. ನಾನು ಹಲಗೆ ತೆಗೆದುಕೊಂಡೆ.

ತಂದು ಅವನ ಮುಂದೆ ನೆಲದ ಮೇಲಿಟ್ಟೆ. ಅವನ ಸೊಂಟದಿಂದ ಟೇಪು ಬಿಡಿಸಿಕೊಂಡೆ.

"ಶೂ ಬಿಚ್ಚಿ" ಎಂದೆ. "ದಿನಾ ಹೇಗೆ ನಿಂತ್ಕೋತೀರೋ ಹಾಗೇ ನಿಂತ್ಕೊಳ್ಳಿ."