ರಾಕ್ಷಸಿಯ ಮೈಕ್ ಟೆಸ್ಟಿಂಗ್

ಪ್ರಕಾಶ ಅಂಕಲ್ ಮನೆಯಲ್ಲಿ ಮಂಚ ಇರಲಿಲ್ಲ. ಮಂಚ ಇರಬೇಕಾದ ಜಾಗದಲ್ಲಿ ಮಿಕ್ಸರ್, ಕಂಪ್ಯೂಟರ್ ಮತ್ತು ಒಂದು ರಾಶಿ ವೈರುಗಳಿದ್ದವು. ಹಾಸಿಗೆ ಮಾತ್ರ ಗೋಡೆಗೆ ಒರಗಿ ನಿಂತಿತ್ತು, ಟೀಚರ್ ಶಿಕ್ಷೆ ಕೊಟ್ಟು ನಿಲ್ಲಿಸಿದ ಹಾಗೆ.

"ಯಾರೂ ವೈರ್ ತುಳೀಬೇಡಿ," ಎಂದರು ಅಂಕಲ್. ಹೇಳುತ್ತಲೇ ತಾವೇ ಒಂದನ್ನು ತುಳಿದರು.

ಕೌಶಿಕ್ ಕಿಸಕ್ಕೆಂದ. ಗಗನಾ ನಗಲಿಲ್ಲ. ಅವಳ ತಲೆಯ ಮೇಲೆ ಅಂಕಲ್‌ರ ದೊಡ್ಡ ಹೆಡ್‌ಫೋನ್ ಇತ್ತು. ನಕ್ಕರೆ ಅದು ಮೂಗಿಗೆ ಜಾರುತ್ತಿತ್ತು.

ನಾಳೆ ಕನ್ನಡ ಸಂಘದ ನಾಟಕ. ಸಂಘದ ನಾಟಕದಲ್ಲಿ ಸ್ಟೇಜ್ ಮೇಲೆ ಯಾರೂ ಮಾತಾಡುವುದಿಲ್ಲ. ಮಾತೆಲ್ಲ ಮೊದಲೇ ರೆಕಾರ್ಡ್ ಆಗಿರುತ್ತದೆ. ಮಕ್ಕಳು ಬಾಯಿ ಆಡಿಸಿ ಕೈ ಬೀಸಿದರೆ ಸಾಕು. ರಾಕ್ಷಸಿಯ ವೇಷ ಗಗನಾಳದು. ಆದರೆ ಅವಳ ಕನ್ನಡ ಕೇಳಿದರೆ ಬೆಕ್ಕಿನ ಮರಿಯೂ ಹೆದರುತ್ತಿರಲಿಲ್ಲ. ಹಾಗಾಗಿ ದನಿ ಕೊಡಲು ಕೌಶಿಕ್‌ನ ಅಜ್ಜಿ ಅನಸೂಯಮ್ಮ ಬಂದಿದ್ದರು. ಅವರು ಮೈಸೂರಿನಿಂದ ಸಿಂಗಪುರದ ಟೋವಾ ಪಾಯೋಗೆ ಬಂದು ತಿಂಗಳಾಗಿತ್ತು. ಇಲ್ಲಿರಲು ಕೊಟ್ಟ ಪಾಸ್ ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ಆರಕ್ಕೆ ವಿಮಾನ.

"ನೋಡು ಗಗನಾ, ಇದು ಗೇನ್," ಅಂಕಲ್ ಮಿಕ್ಸರ್‌ನ ಒಂದು ನಾಬ್ ತೋರಿಸಿದರು. "ಮೈಕ್ ಎಷ್ಟು ಜೋರಾಗಿ ಕೇಳಿಸ್ಕೋಬೇಕು ಅಂತ ಇದು ಡಿಸೈಡ್ ಮಾಡುತ್ತೆ. ಈ ಲೈಟ್ ಗ್ರೀನ್ ಇದ್ರೆ ಸರಿ. ರೆಡ್ ಬಂದ್ರೆ ವಾಯ್ಸ್ ಒಡೆದುಹೋಗುತ್ತೆ. ತಕ್ಷಣ ಕೈ ಎತ್ತು, ನಿಲ್ಸೋಣ. ನಾನು ಅಲ್ಲಿ ರಾಜನ ಡೈಲಾಗ್ ಹೇಳ್ತಿರ್ತೀನಿ, ನಂಗೆ ಲೈಟ್ ಕಾಣಲ್ಲ."

"ಓಕೆ ಅಂಕಲ್."

"ಅಮ್ಮಾ, ಸ್ವಲ್ಪ ಮಾತಾಡಿ. ಲೆವೆಲ್ ಸೆಟ್ ಮಾಡ್ತೀನಿ."

ಅಜ್ಜಿ ಸೆರಗು ಸರಿಮಾಡಿಕೊಂಡರು. ಟೆಸ್ಟಿಂಗ್ ಅಂದ ಕೂಡಲೇ ಸಂಘದವರೆಲ್ಲ ನರ್ಸರಿ ಟೀಚರ್ ಆಗಿಬಿಡುತ್ತಾರೆ. ಅಜ್ಜಿಯೂ ಹಾಗೇ ಆದರು.

"ಹಲೋ, ಮೈಕ್ ಟೆಸ್ಟಿಂಗ್. ಎಲ್ರೂ ಊಟಕ್ಕೆ ಬನ್ನಿ," ಎಂದು ಮಗು ಮಲಗಿಸುವ ದನಿಯಲ್ಲಿ ಹೇಳಿದರು.

ಲೈಟು ಹೊತ್ತಲೇ ಇಲ್ಲ. ಅಂಕಲ್ ಗೇನ್ ಏರಿಸಿದರು. ಇನ್ನೂ ಏರಿಸಿದರು. ಹಸಿರು ಬಂತು.

"ಪರ್ಫೆಕ್ಟ್! ರೋಲಿಂಗ್!"

ಅಂಕಲ್ ಮೈಕಿನ ಮುಂದೆ ರಾಜನಾದರು. "ಯಾರದು ನನ್ನ ಅರಮನೆಯ ಬಾಗಿಲಲ್ಲಿ?" ಹಸಿರು.

ಆಮೇಲೆ ಅಜ್ಜಿ ಬಾಯಿ ತೆರೆದರು.

"ನಾನು ಕಣೋ! ನಿನ್ನ ಕರುಳು ಬಗೆದು ಕೊರಳಿಗೆ ಹಾಕಿಕೊಳ್ಳಲು ಬಂದವಳು!"

ಕಿಟಕಿಯಲ್ಲಿದ್ದ ಮೈನಾ ಹಾರಿಹೋಯಿತು. ರಾಜ ಒಂದು ಹೆಜ್ಜೆ ಹಿಂದೆ ಸರಿದ. ಲೈಟು ಕೆಂಪಾಯಿತು. ಹೆಡ್‌ಫೋನಿನಲ್ಲಿ ಹಪ್ಪಳ ಮುರಿದಂತೆ ಕರಕರ ಸದ್ದು.

ಗಗನಾಳ ಕೈ ಅರ್ಧಕ್ಕೆ ಎದ್ದಿತು.

ಕೌಶಿಕ್ ಅದನ್ನು ಹಿಡಿದು ಕೆಳಗೆಳೆದ. ಹೆಡ್‌ಫೋನ್‌ನ ಒಂದು ಬದಿ ಎತ್ತಿ ಪಿಸುಗುಟ್ಟಿದ: "ನಿಲ್ಲಿಸ್ಬೇಡ ಲಾ! ಅಜ್ಜಿ ಫುಲ್ ಫಾರ್ಮಲ್ಲಿದಾರೆ. ಆಮೇಲೆ ಕಂಪ್ಯೂಟರ್‌ನಲ್ಲಿ ವಾಲ್ಯೂಮ್ ಕಮ್ಮಿ ಮಾಡಿದ್ರಾಯ್ತು."

ಅವನು ಕೈ ಬಿಟ್ಟ. ಗಗನಾ ಮತ್ತೆ ಎತ್ತಲಿಲ್ಲ. ನಾಳೆ ಈ ದನಿ ತನ್ನ ಬಾಯಿಂದ ಬರುತ್ತದೆ! ಮುಂದಿನ ಸಾಲಿನ ಆಂಟಿಯರೆಲ್ಲ ಬೆಚ್ಚಿಬೀಳುತ್ತಾರೆ! ಅಜ್ಜಿ ಗರ್ಜಿಸಿದರು, ಹಲ್ಲು ಕಡಿದರು, ಅಂಕಲ್‌ರನ್ನು ನರಪೇತಲ ಎಂದರು. ಅದು ಸ್ಕ್ರಿಪ್ಟಿನಲ್ಲೇ ಇರಲಿಲ್ಲ. ಲೈಟು ಕೆಂಪಾಗಿಯೇ ಉಳಿಯಿತು.

ಮುಗಿದ ಮೇಲೆ ಅಜ್ಜಿ ಬೆವರು ಒರೆಸಿಕೊಂಡು ಅವಳ ಕಡೆ ತಿರುಗಿದರು.

"ಸರಿಯಾಗಿ ಬಂತೇನೇ ಮರಿ? ಬೇಕಾದ್ರೆ ಇನ್ನೊಂದ್ಸಲ ಕಿರುಚ್ತೀನಿ. ಟೈಮಿದೆ."

"ಸೂಪರ್ ಅಜ್ಜಿ," ಎಂದಳು ಗಗನಾ.

ಕೌಶಿಕ್‌ನ ಅಪ್ಪ ಸೂಟ್‌ಕೇಸ್ ಹಿಡಿದು ಕಟ್ಟಡದ ಕೆಳಗಿನ ವಾಯ್ಡ್ ಡೆಕ್‌ನಲ್ಲಿ ಕಾಯುತ್ತಿದ್ದರು. ಅಜ್ಜಿ ಹೊರಟರು. ಅಜ್ಜಿಯ ಜೊತೆ ಕೌಶಿಕ್ ಕೂಡ ಏರ್‌ಪೋರ್ಟಿಗೆ ಹೋದ.

ಗಗನಾ ಅಲ್ಲೇ ಉಳಿದಳು. ಅಂಕಲ್ ಊಟ ಮಾಡಿ, ಪಾತ್ರೆ ತೊಳೆದು, ನಾಲ್ಕು ಗಂಟೆಗೆ ಆರಾಮಾಗಿ ಪ್ಲೇ ಒತ್ತಿದರು.

ಕರಕರ. ವಾಲ್ಯೂಮ್ ಇಳಿಸಿದರು. ಅದೇ ಕರಕರ, ಸಣ್ಣದಾಗಿ. ರಾಕ್ಷಸಿ ಬೈಯುತ್ತಿದ್ದಾಳೋ, ಯಾರಾದರೂ ಡಬ್ಬಿಯಲ್ಲಿ ಕಲ್ಲು ಕುಲುಕುತ್ತಿದ್ದಾರೋ ತಿಳಿಯಲಿಲ್ಲ.

"ರೆಡ್ ಬಂತಾ ಗಗನಾ?"

ಕೌಶಿಕ್ ಬೇಡ ಅಂದ ಎನ್ನಬಹುದಿತ್ತು. ನೋಡಲಿಲ್ಲ ಎನ್ನಲೂಬಹುದಿತ್ತು.

"ಬಂತು ಅಂಕಲ್. ಫಸ್ಟ್ ಡೈಲಾಗಿಗೇ. ನಾನು ಕೈ ಎತ್ಲಿಲ್ಲ."

ಅಂಕಲ್ ತಲೆ ಕೆರೆದುಕೊಂಡರು. "ನಾನೂ ಗೂಬೆನೇ. ಅಜ್ಜಿ ಹತ್ರ ಲೆವೆಲ್ ತಗೊಂಡೆ, ರಾಕ್ಷಸಿ ಹತ್ರ ತಗೋಬೇಕಿತ್ತು." ಗಡಿಯಾರ ನೋಡಿದರು. "ಇಷ್ಟೊತ್ತಿಗೆ ಇಮಿಗ್ರೇಷನ್ ದಾಟಿರ್ತಾರೆ. ರಾಕ್ಷಸಿ ವಾಯ್ಸ್‌ಗೆ ರಮಾ ಆಂಟಿನ ಕರೀತೀನಿ, ಇನ್ನೇನ್ ಮಾಡೋದು."

ರಮಾ ಆಂಟಿ ಸಿಟ್ಟು ಬಂದಾಗಲೂ "ಪ್ಲೀಸ್" ಎನ್ನುವವರು.

ಅಂಕಲ್ ಬೈದಿದ್ದರೆ ಚೆನ್ನಾಗಿತ್ತು. ಇನ್ನೊಂದು ಸಲ ಕಿರುಚಲೇ ಎಂದು ಅಜ್ಜಿ ಕೇಳಿದ್ದರು. ಕೇಳಿದ್ದು ಅಂಕಲ್‌ರನ್ನಲ್ಲ, ಕೌಶಿಕ್‌ನನ್ನೂ ಅಲ್ಲ. ಹೆಡ್‌ಫೋನ್ ಹಾಕಿಕೊಂಡಿದ್ದವಳನ್ನು.

ಗಗನಾ ಮತ್ತೆ ಹೆಡ್‌ಫೋನ್ ಏರಿಸಿದಳು. ಏನಾದರೂ ಉಳಿದಿದೆಯೇ ಎಂದು ಮೊದಲಿನಿಂದ ಕೇಳಿದಳು. ಕೆಟ್ಟುಹೋದ ಪ್ರತಿ ಮಾತಿನ ಪಕ್ಕ ಸ್ಕ್ರಿಪ್ಟಿನಲ್ಲಿ ಪೆನ್ಸಿಲ್ ಗೆರೆ ಎಳೆದಳು. ರಾಜನ ಮಾತೆಲ್ಲ ಚೆನ್ನಾಗಿತ್ತು. ಹೋದದ್ದು ರಾಕ್ಷಸಿಯ ಹತ್ತೊಂಬತ್ತು ಮಾತು, ನಾಲ್ಕು ನಗು.