ಹಿಂದಿನ ಸೀಟಿನವನು

ಮೂರನೆಯ ಸಲವೂ ವಿಮಾನ ಕಪ್ಪೆಯಂತೆ ಕುಪ್ಪಳಿಸಿಯೇ ನೆಲ ಮುಟ್ಟಿತು. ಮುಂದಿನ ಸೀಟಿನಲ್ಲಿದ್ದ ಲೀನಿಯಾ ತುಟಿ ಕಚ್ಚಿ ನಗು ನುಂಗಿದಳು. ಹಿಂದಿನ ಸೀಟಿನಿಂದ ಗುರು ರೂಬೆನ್ ಅವಳ ಅಂಗಿಯ ಚುಂಗನ್ನು ಮೆಲ್ಲಗೆ ಜಗ್ಗಿದ.

"ನೆಲದ ಮೇಲೆ ಏನು ಕೋಪ ನಿಂಗೆ?"

"ಅದೇ ಎದ್ದು ಬಂದು ಹೊಡೀತು," ಎಂದಳು.

ಮೆಕ್ಕೆಜೋಳದ ಹೊಲಗಳ ನಡುವೆ ಕೌಂಟಿಯವರದೊಂದು ಪುಟ್ಟ ವಿಮಾನ ನಿಲ್ದಾಣ. ಇರುವುದು ಒಂದೇ ರನ್‌ವೇ. ಹುಲ್ಲು ಕತ್ತರಿಸುವವನೂ, ಇಂಧನ ತುಂಬುವವನೂ, ಕಾಫಿ ಕೆಡಿಸುವವನೂ ಮ್ಯಾನೇಜರ್ ಆರ್ಲೋ ಒಬ್ಬನೇ. ಅವನ ಕೋಣೆಯ ಗೋಡೆ ತುಂಬ ಬಟ್ಟೆಯ ತುಂಡುಗಳು. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳದಿದ್ದ ಕಾಲದಲ್ಲಿ ಗುರು ಹಿಂದೆ ಕೂತು, ಶಿಷ್ಯನ ಅಂಗಿ ಎಳೆದು ದಾರಿ ಹೇಳುತ್ತಿದ್ದನಂತೆ. ಶಿಷ್ಯ ಮೊದಲ ಬಾರಿ ಒಬ್ಬನೇ ಹಾರಿ ಇಳಿದ ದಿನ, ಇನ್ನು ಎಳೆಯಬೇಕಿಲ್ಲವೆಂದು ಗುರುವೇ ಆ ಚುಂಗನ್ನು ಕತ್ತರಿಸಿ ಗೋಡೆಗೆ ಹಚ್ಚುತ್ತಾನೆ.

ಈಗ ಕಿವಿಗೆ ಹೆಡ್‌ಫೋನ್ ಬಂದಿದೆ. ಆದರೂ ರೂಬೆನ್ ಎಳೆಯುತ್ತಿದ್ದ. ಬಲಕ್ಕೆ ತಿರುಗಬೇಕಾದರೆ ಬಲಕ್ಕೆ, ಎಡಕ್ಕಾದರೆ ಎಡಕ್ಕೆ. ಸಂಜೆಯ ಸೂರ್ಯ ಕೆರೆಯೊಳಗೆ ಇಳಿಯುವುದನ್ನು ತೋರಿಸಬೇಕಾದರೆ ಸುಮ್ಮನೆ, ಎಳೆದೂ ಎಳೆಯದ ಹಾಗೆ. ಲೀನಿಯಾಳ ಬೆನ್ನೆಲ್ಲ ಬೆಚ್ಚಗಾಗಲು ಅಷ್ಟು ಸಾಕಿತ್ತು.

ಒಬ್ಬಳೇ ಹಾರಿದರೆ ಆ ಬೆರಳುಗಳು ದೂರವಾಗುತ್ತವೆ. ಅದಕ್ಕೇ, ಹೂವಿಟ್ಟ ಹಾಗೆ ಇಳಿಸಬಲ್ಲ ವಿಮಾನವನ್ನು ಅವಳು ಬೇಕೆಂದೇ ಕುಪ್ಪಳಿಸುವಂತೆ ಮಾಡುತ್ತಿದ್ದಳು. ತಪ್ಪಿಗೆ ದಂಡವೆಂಬಂತೆ, ತಾನು ಕೆಲಸ ಮಾಡುವ ಬೇಕರಿಯಿಂದ ಅವನಿಗೆ ಏಲಕ್ಕಿ ಬನ್ ತರುತ್ತಿದ್ದಳು. ಗೋಡೆಯಲ್ಲಿ ಅವಳಿಗೆಂದು ಬಿಟ್ಟ ಜಾಗದಲ್ಲಿ ಜೇಡ ಸಂಸಾರ ಹೂಡಿದೆ ಎಂದು ಆರ್ಲೋ ಚುಡಾಯಿಸಿದ. ಬೇಸಿಗೆ ಹೀಗೇ ಸರಿದುಹೋಯಿತು.

ಆಗಸ್ಟಿನ ಒಂದು ತಿಳಿಯಾದ ಬೆಳಿಗ್ಗೆ ಅವಳು ಬಂದಾಗ ವಿಮಾನ ಇನ್ನೂ ಶೆಡ್ಡಿನೊಳಗೇ ಇತ್ತು. ರೂಬೆನ್ ಅದರ ರೆಕ್ಕೆಯ ಕೆಳಗೆ ಕೂತಿದ್ದ. ನಿನ್ನೆ ಡಾಕ್ಟರು ಅವನ ಹೃದಯ ಪರೀಕ್ಷಿಸಿ, ಇನ್ನು ಹಾರುವಂತಿಲ್ಲ ಎಂದಿದ್ದರು. ಮುಂದಿನ ವಾರ ಆಪರೇಷನ್. ಉಳಿದರೂ ಪೈಲಟ್ ಆಗಿ ಉಳಿಯುವುದಿಲ್ಲ. ಆಸ್ಪತ್ರೆಗೆ ಹೋಗುವ ಮುಂಚೆ ತಾನೇ ಅವಳೊಬ್ಬಳನ್ನೇ ಹಾರಲು ಕಳಿಸಬೇಕೆಂಬ ಆಸೆಯಿತ್ತು, ಅದಾಗಲಿಲ್ಲ ಎಂದ. ಅದೇ ದಿನ ಜೊತೆಗೆ ಕೂತು ಹಾರಿ ನೋಡದೆ ಯಾವ ಗುರುವೂ ಶಿಷ್ಯೆಯನ್ನು ಒಬ್ಬಳನ್ನೇ ಆಕಾಶಕ್ಕೆ ಬಿಡುವುದಿಲ್ಲ.

ಲೀನಿಯಾ ಅವನ ಪಕ್ಕದಲ್ಲಿ ಕುಸಿದಳು.

"ನಂಗೆ ಇಳಿಸೋಕೆ ಬರತ್ತೆ, ರೂಬೆನ್. ಜೂನ್‌ನಲ್ಲೇ ಬಂದಿತ್ತು."

"ಗೊತ್ತು."

ಅವಳು ತಲೆಯೆತ್ತಿದಳು.

"ನೆಲ ಮುಟ್ಟೋ ಹೊತ್ತಿಗೆ ನೀನು ವಿಮಾನ ನಡೆಸೋ ಸ್ಟಿಕ್ ಮುಂದಕ್ಕೆ ತಳ್ತಿದ್ದೆ. ಹಿಂದಿನ ಸೀಟಲ್ಲೂ ಅಂಥದ್ದೇ ಒಂದಿದೆ ಕಣೇ. ಎರಡೂ ಒಟ್ಟಿಗೇ ಅಲ್ಲಾಡ್ತವೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾನು ಇಳೀಬೇಕಾಗ್ತಿತ್ತು."

ಅವನು ನಗಲು ನೋಡಿದ. ಅವಳು ಅವನ ಎದೆಯ ಮೇಲೆ ಕೈಯಿಟ್ಟಳು. ಅಂಗೈಯ ಕೆಳಗೆ ಅದು ದಾರಿ ತಪ್ಪಿದ ಹಕ್ಕಿಯಂತೆ ಬಡಿದುಕೊಳ್ಳುತ್ತಿತ್ತು. ಪ್ರೀತಿಯೆಂಬ ಮಾತನ್ನು ಇಬ್ಬರೂ ಆಡಲಿಲ್ಲ. ಬೇಸಿಗೆಯಿಡೀ ಮಾಡಿದ್ದು ಅದನ್ನೇ ಅಲ್ಲವೇ.

ಆಪರೇಷನ್ನಿನಿಂದ ರೂಬೆನ್ ಏಳಲಿಲ್ಲ.

ಹೊಲಗಳ ಕೊಯ್ಲು ಮುಗಿದ ಮೇಲೆ, ಪಕ್ಕದ ಕೌಂಟಿಯ ಗುರು ವಿಲ್ಮಾ ಬಂದರು. ಲೀನಿಯಾ ಇಳಿಸಿದ್ದನ್ನು ನೋಡಿ, ನಿನಗೆ ಇಷ್ಟು ದಿನ ಏನಾಗಿತ್ತು ಎಂದು ಕೇಳಿದರು. ಉತ್ತರಕ್ಕೆ ಕಾಯದೆ, ಇನ್ನು ಒಬ್ಬಳೇ ಹಾರು ಎಂದು ಬಾಗಿಲು ತೆರೆದು ಇಳಿದು ಹೋದರು.

ಲೀನಿಯಾ ಎಂಜಿನ್ನಿಗೆ ಪೂರ್ತಿ ಕಸುವು ಕೊಟ್ಟಳು. ಒಬ್ಬರ ಭಾರ ಕಡಿಮೆಯಾದರೆ ವಿಮಾನ ಎಷ್ಟು ಹಗುರಾಗುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ರನ್‌ವೇ ಇನ್ನೂ ಬಹಳಷ್ಟು ಉಳಿದಿರುವಾಗಲೇ ಅದು ತಾನಾಗಿ ನೆಲ ಬಿಟ್ಟಿತು.

ಅವಳಿನ್ನೂ ಸಿದ್ಧಳಾಗಿರಲಿಲ್ಲ.