ಬಿಳಿ ಬಾಗಿಲು

ಮೊದಲು ಎದೆಬಡಿತ ನಿಧಾನವಾಯಿತು. ಆಮೇಲೆ ಮೈ ತಣ್ಣಗಾಯಿತು. ಕೊನೆಗೆ ಪೆಟ್ಟಿಗೆಯ ಬಾಯಿಗೆ ಹಾಲಿನ ಕೆನೆಯಂಥ ಬಿಳಿ ಪೊರೆ ಕಟ್ಟಿಕೊಂಡಿತು. 2058ರ ಬೇಸಿಗೆಗೆ ಗಂಗವ್ವ ಮಲಗಿದಳು.

ಘಟಪ್ರಭಾ ದಂಡೆಯ ಆ ತೋಟದಲ್ಲಿ ತಿನ್ನುವ ಬಸವನಹುಳು ಸಾಕುತ್ತಿದ್ದರು. ಮಳೆಗಾಲದಲ್ಲಿ ಹುಳು ಮಣ್ಣು ತೋಡಿ ಸಾಬೂದಾಣಿಯಂಥ ಮೊಟ್ಟೆ ಇಡುತ್ತದೆ. ಮರಿ ಹೊರಬಂದೊಡನೆ ಆ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ. ಚಿಪ್ಪಿನ ಅಂಚು ಮಡಚಿ ಗಟ್ಟಿಯಾದರೆ ಪ್ರಾಯಕ್ಕೆ ಬಂದಂತೆ. ಹೆಚ್ಚಿನವು ಆಗ ಹೋಟೆಲುಗಳಿಗೆ ಹೋಗುತ್ತವೆ. ತಳಿಗೆಂದು ಉಳಿದವು ಬೇಸಿಗೆಯಲ್ಲಿ ಚಿಪ್ಪಿನೊಳಗೆ ಸರಿದು, ತಮ್ಮ ಲೋಳೆಯಿಂದಲೇ ಬಾಗಿಲು ಮುಚ್ಚಿ, ಊಟ ನೀರಿಲ್ಲದೆ ಮಲಗುತ್ತವೆ. ಆ ನಿದ್ದೆಯ ರಸವನ್ನು ಬೇರ್ಪಡಿಸಿ ಮನುಷ್ಯರಿಗೆ ಒಗ್ಗಿಸಿದವರು ಡಾಕ್ಟರ್ ಇಂದುಮತಿ. ಪೊರೆ ಹರಿದು ತೇವದ ಗಾಳಿ ತಾಗಿದರೆ ಎಚ್ಚರ. ಬೇಸಿಗೆಯಲ್ಲಿ ತೋಟದಲ್ಲಿ ಕೆಲಸವಿಲ್ಲ, ಆಗ ಕಂಪನಿ ಕೂಲಿ ಹೆಂಗಸರನ್ನು ಪೆಟ್ಟಿಗೆಗಳಲ್ಲಿ ಮಲಗಿಸುತ್ತದೆ. ಮಲಗಿದವರಿಗೆ ಕೂಲಿ ಬೇಕಿಲ್ಲ, ಹಸಿವೂ ಇಲ್ಲ.

ಮುಂದಿನ ಪೆಟ್ಟಿಗೆ ಗಂಗವ್ವನ ತಂಗಿ ಫಕೀರವ್ವನದು. ಈ ವರ್ಷವಷ್ಟೇ ಕೆಲಸಕ್ಕೆ ಸೇರಿದವಳು. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ನಿಂತಿದ್ದಳು.

“ನಾ ಮಲಗಂಗಿಲ್ರೀ, ಬಾಯಾರ.”

“ಯಾಕೆ ಫಕೀರವ್ವ?” ಎಂದರು ಇಂದುಮತಿ. “ನೋವಿಲ್ಲ. ವಯಸ್ಸು ಕೂಡ ಆಗೋದಿಲ್ಲ.”

“ಅದ ನೋಡ್ರಿ ತ್ರಾಸು. ಅಕ್ಕ ನನಗಿಂತ ಒಂದು ವರ್ಷ ದೊಡ್ಡಾಕಿ. ಐದು ಬ್ಯಾಸಗಿ ಮಲಗಿ ಈಗ ನನಗಿಂತ ಸಣ್ಣಾಕಿ ಆಗ್ಯಾಳ. ಕಾಲು ಮುಗೀಬೇಕೋ, ಕಿವಿ ಹಿಂಡಬೇಕೋ ತಿಳೀವಲ್ದು.”

ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಫಕೀರವ್ವ ನಗಲಿಲ್ಲ.

“ಹೋದ ವರ್ಷ ಅಕ್ಕ ಎದ್ದು ಬಂದಾಗ ಆಕಿ ಮಗ ಹೆದರಿ ನನ್ನ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡ. ನನ್ನ ಕೂಸು ಈಗ ಗ್ವಾಡಿ ಹಿಡಕೊಂಡು ನಿಂದರತೈತಿ. ಅದು ಹೆಜ್ಜಿ ಇಡೂದು ನಾ ನೋಡಬೇಕು.”

“ಮಲಗದವರಿಗೆ ಮಳೆಗಾಲದಲ್ಲಿ ಕೆಲಸ ಕೊಡೋದಿಲ್ಲ. ಕಂಪನಿ ನಿಯಮ. ಹೊಟ್ಟೆಗೇನು ಮಾಡ್ತೀ?”

“ಹಸಿವು ನಂದೈತ್ರಿ. ನಾ ನೋಡ್ಕೋತೀನಿ.”

ಬೇಸಿಗೆಯಿಡೀ ಅವಳು ಇಟ್ಟಂಗಿ ಭಟ್ಟಿಯಲ್ಲಿ ದುಡಿದಳು. ಕೆಲವು ದಿನ ಉಪವಾಸವೂ ಇದ್ದಳು. ಒಂದು ಮಧ್ಯಾಹ್ನ ಭಟ್ಟಿಯ ನೆರಳಿನಲ್ಲಿ ಮಗಳು ನಾಲ್ಕು ಹೆಜ್ಜೆ ಇಟ್ಟು, ಬೂದಿಯಲ್ಲಿ ಕುಕ್ಕರಿಸಿ ಬಿದ್ದು, ತಾಯಿಯನ್ನು ನೋಡಿ ನಕ್ಕಳು.

ಮಳೆ ಬಂತು. ಹುಳುಗಳು ಪೊರೆ ಒಡೆದು ಹೊರಬಂದವು. ಹೆಂಗಸರ ಪೆಟ್ಟಿಗೆಗಳು ತೆರೆಯಲಿಲ್ಲ. ವಾರ ಕಾದ ಫಕೀರವ್ವ ಕೂಸನ್ನೂ ಅಕ್ಕನ ಮಗನನ್ನೂ ಕರೆದುಕೊಂಡು ಪೆಟ್ಟಿಗೆಗಳ ಕೋಣೆಗೆ ನುಗ್ಗಿದಳು.

“ಹುಳುವಿಗೆ ಹೊರದೇಶದ ಆರ್ಡರ್ ಬಂದಿಲ್ಲ” ಎಂದರು ಇಂದುಮತಿ, ಅವಳ ಮುಖ ನೋಡದೆ. “ಇನ್ನೊಂದು ತಿಂಗಳು ಮಲಗಲಿ ಅಂದಿದೆ ಕಂಪನಿ. ಮಲಗಿದವರಿಗೇನು ಗೊತ್ತಾಗ್ತದೆ?”

“ಹುಳ ತನ್ನ ಬಾಗಲಾ ತಾನ ಹಾಕ್ಕೋತೈತಿ, ತಾನ ತೆಗೀತೈತಿ. ಇವರ ಬಾಗಲಾ ಯಾರ ಕೈಯಾಗೈತ್ರಿ?”

ಇಂದುಮತಿ ಪಕ್ಕಕ್ಕೆ ಸರಿದರು. ಫಕೀರವ್ವ ಉಗುರಿನಿಂದ ಅಕ್ಕನ ಪೆಟ್ಟಿಗೆಯ ಪೊರೆ ಹರಿದಳು. ಮಳೆಗಾಳಿ ಒಳಗೆ ಹೊಕ್ಕಿತು. ಗಂಗವ್ವ ಮೆಲ್ಲಗೆ ಕಣ್ಣು ಬಿಟ್ಟಳು.

“ಮಳಿ ಬಂತೇನ?”

“ಬಂದು ವಾರ ಆತು. ನಿಮ್ಮನ್ನ ಎಬ್ಬಿಸಲಿಲ್ಲ.”

ಕೆಲಸವಿಲ್ಲದ ತಿಂಗಳುಗಳಲ್ಲಿ ಕೂಲಿಯವರು ಎಲ್ಲಿ ಹೋಗುತ್ತಾರೆಂದು ಪೆಟ್ಟಿಗೆಗಳು ಬರುವ ಮೊದಲೂ ಯಾರೂ ಕೇಳಿರಲಿಲ್ಲ. ಬಂದ ಮೇಲೆ ಕೇಳುವ ಅಗತ್ಯವೇ ಉಳಿದಿರಲಿಲ್ಲ.

ಗಂಗವ್ವ ಮಗನ ತಲೆ ಹಿಡಿದುಕೊಂಡು ಎದ್ದು ನಿಂತಳು. ಇನ್ನೊಂದು ಕೈಯನ್ನು ಪಕ್ಕದ ಪೆಟ್ಟಿಗೆಯ ಪೊರೆಗೆ ಹಾಕಿದಳು.